ಆ್ಯಂಕರ್ ಲಿಂಕ್ ಒತ್ತಿದರೆ ಸರಿಯಾದ ಜಾಗದಲ್ಲಿ ನಿಲ್ಲುವುದು ಯಾವುದು: ರಿಯಾಕ್ಟ್, ವ್ಯೂ, ಆ್ಯಂಗ್ಯುಲರ್ ಹೋಲಿಕೆ

ಪರೀಕ್ಷೆಗೆ ಇಟ್ಟುಕೊಂಡದ್ದು ಮಂಗಳೂರಿನಿಂದ ಉಡುಪಿ ದಾಟಿ ಕುಂದಾಪುರದವರೆಗಿನ ಬಸ್ ಸಮಯದ ಒಂದು ಉದ್ದ ಪುಟ. ಸ್ಟೇಟ್‌ಬ್ಯಾಂಕ್, ಸುರತ್ಕಲ್, ಮುಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿ, ಉಡುಪಿ, ಕೋಟ ಹೀಗೆ ಒಂದೊಂದು ಸ್ಟಾಪಿಗೂ ಒಂದು ವಿಭಾಗ, ತಲೆಯ ಮೇಲೆ ಅಂಟಿಕೊಂಡೇ ಇರುವ 64 ಪಿಕ್ಸೆಲ್‌ನ ಹೆಡರ್. ವಾಟ್ಸಾಪಿನಲ್ಲಿ ಬಂದ '#ಕಾಪು' ಲಿಂಕ್ (ಪುಟದ ಒಳಗಿನ ಒಂದು ಜಾಗಕ್ಕೇ ಒಯ್ಯುವ ಆ್ಯಂಕರ್ ಲಿಂಕ್; # ಇಂದ ಶುರುವಾಗುವ ಭಾಗವೇ ಹ್ಯಾಶ್) ಒತ್ತಿದವರಿಗೆ ಕಾಪುವಿನ ತಲೆಬರಹವೇ ಎದುರಿಗೆ ಕಾಣಬೇಕು. ಇದೇ ಪುಟವನ್ನು ಮೂರು ಜಾವಾಸ್ಕ್ರಿಪ್ಟ್ ಫ್ರೇಮ್‌ವರ್ಕ್‌ಗಳಲ್ಲಿ, ಅಂದರೆ ರಿಯಾಕ್ಟ್ ರೌಟರ್ 6, ವ್ಯೂ ರೌಟರ್ 4, ಆ್ಯಂಗ್ಯುಲರ್ 17ರಲ್ಲಿ ಕಟ್ಟಿ ನೋಡಿದ್ದೇವೆ. ರೌಟರ್ ಅಂದರೆ ವಿಳಾಸ ನೋಡಿ ಯಾವ ಪುಟ ತೋರಿಸಬೇಕೆಂದು ತೀರ್ಮಾನಿಸುವ ಭಾಗ.

ಸಾದಾ ಎಚ್‌ಟಿಎಂಎಲ್ ಪುಟದಲ್ಲಿ ಈ ಕೆಲಸವನ್ನು ಬ್ರೌಸರೇ ಮಾಡಿಬಿಡುತ್ತದೆ. ಫ್ರೇಮ್‌ವರ್ಕ್ ಬಂದಾಗ ತೊಂದರೆ ಎರಡು ಕಡೆಯಿಂದ ಹುಟ್ಟುತ್ತದೆ. ಒಂದು, ಪುಟ ತೆರೆಯುವಾಗ ಒಳಗೆ ಇರುವುದು ಖಾಲಿ ಡಿವ್ ಮಾತ್ರ. ಬ್ರೌಸರ್ ಹುಡುಕುವ ಹೊತ್ತಿಗೆ ಕಾಪು ಎಂಬ ಐಡಿಯೇ (ವಿಭಾಗದ ಗುರುತಿನ ಹೆಸರು) ಹುಟ್ಟಿರುವುದಿಲ್ಲ. ಇನ್ನೊಂದು, ಆ್ಯಪ್‌ನ ಒಳಗಿನ ಲಿಂಕ್ ಒತ್ತಿದಾಗ ರೌಟರ್ ಬಳಸುವುದು ಪುಶ್‌ಸ್ಟೇಟ್. ಅದು ವಿಳಾಸವನ್ನಷ್ಟೇ ಬದಲಿಸುತ್ತದೆ. ಸ್ಕ್ರೋಲ್ ಮಾಡುವುದಿಲ್ಲ, ಹ್ಯಾಶ್‌ಚೇಂಜ್ ಇವೆಂಟ್ ಕಳಿಸುವುದಿಲ್ಲ, ಸಿಎಸ್‌ಎಸ್‌ನ ಟಾರ್ಗೆಟ್ ಸೆಲೆಕ್ಟರ್ (ಹ್ಯಾಶ್ ತೋರಿಸುವ ವಿಭಾಗಕ್ಕೆ ಶೈಲಿ ಕೊಡುವಂಥದ್ದು) ಕೂಡ ಹೊಸ ವಿಭಾಗಕ್ಕೆ ಹೊರಳುವುದಿಲ್ಲ. ಸ್ಟಾಪಿನ ಹಿನ್ನೆಲೆಗೆ ಹಳದಿ ಬಣ್ಣ ಕೊಡಲು ಟಾರ್ಗೆಟ್ ನಂಬಿದ್ದರೆ ಅದೂ ಕೈಕೊಡುತ್ತದೆ.

ರಿಯಾಕ್ಟ್ ರೌಟರ್‌ನ ಹಳೆಯ ಮಾದರಿಯಲ್ಲಿ, ಅಂದರೆ ಬ್ರೌಸರ್‌ರೌಟರ್ ಕಾಂಪೊನೆಂಟ್ ಬಳಸಿದರೆ, ಹ್ಯಾಶ್ ಇರುವ ಲಿಂಕ್ ಒತ್ತಿದಾಗ ಏನೂ ಆಗುವುದಿಲ್ಲ. ಯೂಸ್‌ಎಫೆಕ್ಟ್‌ನಲ್ಲಿ (ಪುಟ ಮೂಡಿದ ಮೇಲೆ ಓಡುವ ಕೋಡ್) ನಾವೇ ಸ್ಕ್ರೋಲ್ ಬರೆಯಬೇಕು. ಅಲ್ಲಿ ಹಲವರು ಅವಲಂಬನೆಯಾಗಿ (ಯಾವುದು ಬದಲಾದರೆ ಮತ್ತೆ ಓಡಬೇಕು ಎಂಬುದಕ್ಕೆ) ಲೊಕೇಶನ್.ಹ್ಯಾಶ್ ಮಾತ್ರ ಕೊಡುತ್ತಾರೆ. ಓದುಗ ಕೆಳಗೆ ಸರಿದು ಮತ್ತೆ ಅದೇ ಲಿಂಕ್ ಒತ್ತಿದರೆ ಹ್ಯಾಶ್ ಬದಲಾಗಿಲ್ಲ, ಹಾಗಾಗಿ ಎಫೆಕ್ಟ್ ಓಡುವುದಿಲ್ಲ. ಲೊಕೇಶನ್.ಕೀ ಕೊಟ್ಟರೆ ಪ್ರತಿ ಸಲವೂ ಓಡುತ್ತದೆ. 6.4ರಿಂದ ಬಂದ ಕ್ರಿಯೇಟ್‌ಬ್ರೌಸರ್‌ರೌಟರ್ ಜೊತೆಗೆ ಸ್ಕ್ರೋಲ್‌ರೆಸ್ಟೊರೇಶನ್ ಕಾಂಪೊನೆಂಟ್ ಇಟ್ಟರೆ ಈ ಕೆಲಸ ರೌಟರ್‌ಗೇ ಸೇರುತ್ತದೆ. ಆದರೆ ಒಂದು ಷರತ್ತು ಉಂಟು: ಬಸ್ ಪಟ್ಟಿಯನ್ನು ಯೂಸ್‌ಎಫೆಕ್ಟ್‌ನಲ್ಲಿ ತರಿಸಿದರೆ ಸ್ಕ್ರೋಲ್ ಮೊದಲು, ಪಟ್ಟಿ ಆಮೇಲೆ, ಪುಟ ಮೇಲ್ತುದಿಯಲ್ಲೇ ಕೂರುತ್ತದೆ. ಪಟ್ಟಿ ತರಿಸುವ ಕೆಲಸವನ್ನು ರೂಟ್‌ನ ಲೋಡರ್‌ಗೆ ಸಾಗಿಸಿದರೆ ದತ್ತಾಂಶ ಕೈಗೆ ಬಂದ ಮೇಲೆಯೇ ಪುಟ ಮೂಡುತ್ತದೆ, ಕಾಪು ತನ್ನ ಜಾಗದಲ್ಲಿ ಇರುತ್ತದೆ.

ವ್ಯೂನಲ್ಲಿ ಎಲ್ಲವೂ ಸ್ಕ್ರೋಲ್‌ಬಿಹೇವಿಯರ್ ಎಂಬ ಒಂದೇ ಫಂಕ್ಷನ್‌ನಲ್ಲಿ ನಡೆಯುತ್ತದೆ. ಹಿಂದಿನ ಸ್ಥಾನ ಉಳಿದಿದ್ದರೆ ಅದನ್ನೇ ಹಿಂತಿರುಗಿಸಿ, ಹ್ಯಾಶ್ ಇದ್ದರೆ ಎಲ್ (ಗುರಿಯ ವಿಭಾಗ) ಎಂಬುದಕ್ಕೆ ಆ ಹ್ಯಾಶ್, ಟಾಪ್‌ಗೆ 72 (ಹೆಡರ್‌ನ 64, ಜೊತೆಗೆ ತುಸು ಅಂತರ) ಕೊಡಿ, ಅಷ್ಟೇ. ಈ ಕ್ರಮ ತಪ್ಪಬಾರದು. ಹ್ಯಾಶ್ ಮೊದಲು ನೋಡಿದರೆ ಬ್ಯಾಕ್ ಬಟನ್ ಒತ್ತಿದವರೂ ಪುನಃ ಕಾಪುವಿಗೇ ಎಳೆದುಹೋಗುತ್ತಾರೆ. ಈ ಫಂಕ್ಷನ್ ಪ್ರಾಮಿಸ್ (ಫಲಿತಾಂಶ ಆಮೇಲೆ ಬರುತ್ತದೆ, ಕಾಯಿರಿ ಎನ್ನುವ ವಸ್ತು) ಹಿಂತಿರುಗಿಸಬಹುದು ಎಂಬುದು ನಮಗೆ ಎಲ್ಲಕ್ಕಿಂತ ಹಿಡಿಸಿದ ಗುಣ. ಸ್ಟೋರ್‌ನಲ್ಲಿ 'ಪಟ್ಟಿ ಸಿದ್ಧ' ಎಂಬ ಪ್ರಾಮಿಸ್ ಇಟ್ಟು ಅದಕ್ಕೆ ಕಾದು, ಆಮೇಲೆ ನೆಕ್ಸ್ಟ್‌ಟಿಕ್‌ಗೆ (ಬದಲಾವಣೆ ಪುಟದಲ್ಲಿ ಮೂಡುವವರೆಗೆ) ಕಾದು, ನಂತರ ಗುರಿ ಕೊಟ್ಟರೆ ನಿಧಾನದ ನೆಟ್‌ವರ್ಕ್‌ನಲ್ಲೂ ತಪ್ಪುವುದಿಲ್ಲ. 500 ಮಿಲಿಸೆಕೆಂಡಿನ ಸೆಟ್‌ಟೈಮೌಟ್ ಹಾಕಿ ಮುಗಿಸುವ ಅಭ್ಯಾಸ ಬೇಡವೇ ಬೇಡ: ಆಫೀಸಿನ ಫೈಬರ್‌ನಲ್ಲಿ ಅದು ಓಡುತ್ತದೆ, ಬಸ್ಸಿನಲ್ಲಿ ಕೂತವರ ಫೋನಿನಲ್ಲಿ ಓಡುವುದಿಲ್ಲ. ಅದೇ ಲಿಂಕ್ ಎರಡನೇ ಸಲ ಒತ್ತಿದಾಗಲೂ ವ್ಯೂ ರೌಟರ್ 4 ಮತ್ತೆ ಸ್ಕ್ರೋಲ್ ಮಾಡುತ್ತದೆ.

ಆ್ಯಂಗ್ಯುಲರ್‌ನಲ್ಲಿ 6.1ರಿಂದ ಆ್ಯಂಕರ್‌ಸ್ಕ್ರೋಲಿಂಗ್ ಇದೆ, ಆದರೆ ತಾನಾಗಿ ಆನ್ ಆಗಿರುವುದಿಲ್ಲ. ಪ್ರೊವೈಡ್‌ರೌಟರ್‌ಗೆ ವಿತ್‌ಇನ್‌ಮೆಮೊರಿಸ್ಕ್ರೋಲಿಂಗ್ ಸೇರಿಸಿ 'ಎನೇಬಲ್ಡ್' ಎನ್ನಬೇಕು. ಇಲ್ಲಿನ ದೊಡ್ಡ ಗುಂಡಿ ಲಿಂಕ್‌ಗಳಿಗೆ ಮೂಲ ವಿಳಾಸ ಹೇಳುವ ಬೇಸ್ ಟ್ಯಾಗ್. ಅದರಲ್ಲಿ ಬರೀ '/' ಇರುವುದರಿಂದ ಸಾದಾ ಎಚ್‌ರೆಫ್‌ನಲ್ಲಿ '#ಕಾಪು' ಬರೆದರೆ ಬ್ರೌಸರ್ ಅದನ್ನು '/#ಕಾಪು' ಎಂದು ಓದಿ, ಸಮಯದ ಪುಟ ಬಿಟ್ಟು ಮುಖಪುಟವನ್ನೇ ಹೊಸದಾಗಿ ತೆರೆಯುತ್ತದೆ. ಖಾಲಿ ರೌಟರ್‌ಲಿಂಕ್ ಜೊತೆಗೆ ಫ್ರಾಗ್ಮೆಂಟ್ (# ಆದ ಮೇಲಿನ ಹೆಸರು) ಕೊಡುವುದೇ ದಾರಿ. ಪುಟದ ಬದಲು ಸೈಡ್‌ನ್ಯಾವ್‌ನ ಒಳಗಿನ ಡಿವ್ ಸ್ಕ್ರೋಲ್ ಆಗುವ ವಿನ್ಯಾಸವಾದರೆ ಆ್ಯಂಕರ್‌ಸ್ಕ್ರೋಲಿಂಗ್ ಕೆಲಸಕ್ಕೆ ಬರುವುದಿಲ್ಲ, ಯಾಕೆಂದರೆ ಅದು ಸರಿಸುವುದು ವಿಂಡೋವನ್ನು ಮಾತ್ರ. ಹಳೆಯ ಆವೃತ್ತಿಗಳಲ್ಲಿ ಅದೇ ಲಿಂಕ್ ಮತ್ತೆ ಕೆಲಸ ಮಾಡಬೇಕಾದರೆ ಆನ್‌ಸೇಮ್‌ಯುಆರ್‌ಎಲ್‌ನ್ಯಾವಿಗೇಶನ್‌ಗೆ 'ರೀಲೋಡ್' ಕೊಡಬೇಕು. ದತ್ತಾಂಶ ತಡವಾಗುವುದಾದರೆ, ಪುಟ ಮೂಡುವ ಮೊದಲೇ ಅದನ್ನು ತರುವ ರಿಸಾಲ್ವರ್ ಬೇಕು.

ಹೆಡರ್‌ನ ಅಡಿಯಲ್ಲಿ ತಲೆಬರಹ ಅಡಗುವ ವಿಷಯದಲ್ಲಿ ಮೂರೂ ಬೇರೆ ಬೇರೆ. ರಿಯಾಕ್ಟ್ ರೌಟರ್ ಬಳಸುವುದು ಸ್ಕ್ರೋಲ್‌ಇಂಟುವ್ಯೂ, ಆದ್ದರಿಂದ ಸಿಎಸ್‌ಎಸ್‌ನಲ್ಲಿ ಸ್ಕ್ರೋಲ್-ಮಾರ್ಜಿನ್-ಟಾಪ್ 72 ಪಿಕ್ಸೆಲ್ ಎಂದರೆ ಸಾಕು. ವ್ಯೂ, ಆ್ಯಂಗ್ಯುಲರ್ ಎರಡೂ ಸ್ಥಾನವನ್ನು ತಾವೇ ಲೆಕ್ಕ ಹಾಕಿ ವಿಂಡೋವನ್ನು ಅಲ್ಲಿಗೆ ಸರಿಸುತ್ತವೆ, ಆ ಸಿಎಸ್‌ಎಸ್ ಸಾಲನ್ನು ನೋಡುವುದೇ ಇಲ್ಲ. ವ್ಯೂನಲ್ಲಿ ಟಾಪ್, ಆ್ಯಂಗ್ಯುಲರ್‌ನಲ್ಲಿ ವ್ಯೂಪೋರ್ಟ್‌ಸ್ಕ್ರೋಲರ್‌ನ ಸೆಟ್‌ಆಫ್‌ಸೆಟ್. ಕನ್ನಡ ಶೀರ್ಷಿಕೆ ಸಣ್ಣ ಫೋನಿನಲ್ಲಿ ಎರಡು ಸಾಲಾಗಿ ಹೆಡರ್ ಎತ್ತರ ಹೆಚ್ಚುವುದು ಸಾಮಾನ್ಯ, ಹಾಗಾಗಿ ಸೆಟ್‌ಆಫ್‌ಸೆಟ್‌ಗೆ ಸಂಖ್ಯೆಯ ಬದಲು ಎತ್ತರ ಅಳೆಯುವ ಫಂಕ್ಷನ್ ಕೊಡಿ.

ಇನ್ನು ಇಂಗ್ಲಿಷ್ ಟ್ಯುಟೋರಿಯಲ್‌ಗಳಲ್ಲಿ ಸಿಗದ ಭಾಗ, ಕನ್ನಡ ಐಡಿ. ತಲೆಬರಹದಿಂದ ಐಡಿ ಮಾಡುವ ಹೆಚ್ಚಿನ ಕೋಡ್ ಇಂಗ್ಲಿಷ್ ಅಕ್ಷರ ಬಿಟ್ಟು ಉಳಿದದ್ದನ್ನು ಅಳಿಸುತ್ತದೆ, ಎಲ್ಲ ಸ್ಟಾಪಿಗೂ ಖಾಲಿ ಐಡಿ. ಅದನ್ನು ತಿದ್ದಲು ಯೂನಿಕೋಡ್‌ನ 'ಅಕ್ಷರ' ವರ್ಗವನ್ನು ಮಾತ್ರ ಉಳಿಸಿದರೆ ಕಾಗುಣಿತದ ಚಿಹ್ನೆಗಳು ಉದುರುತ್ತವೆ. 'ಮಂಗಳೂರು' ಹೋಗಿ 'ಮಗಳರ' ಆಗುತ್ತದೆ, 'ಮುಲ್ಕಿ' ಹೋಗಿ 'ಮಲಕ'. ಚಿಹ್ನೆಗಳ ವರ್ಗವನ್ನೂ ಸೇರಿಸಲೇಬೇಕು. 'ಕೋಟ'ದ ಓಕಾರ ಒಂದೇ ಯೂನಿಕೋಡ್ ಸಂಖ್ಯೆ, ಅಂದರೆ ಒಂದೇ ಕೋಡ್‌ಪಾಯಿಂಟ್ ಆಗಿಯೂ ಇರಬಹುದು, ಮೂರು ತುಂಡಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ, ಬ್ರೌಸರ್‌ಗೆ ಬೇರೆ ಬೇರೆ ಐಡಿ. ನಾರ್ಮಲೈಸ್ ಕರೆದು ತುಂಡುಗಳನ್ನು ಒಂದಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತನ್ನಿ. 'ಸ್ಟೇಟ್‌ಬ್ಯಾಂಕ್' ನಡುವೆ ಕಾಣದೆ ಕೂತು, ಒತ್ತಕ್ಷರ ಆಗದಂತೆ ತಡೆಯುವ ಝಡ್‌ಡಬ್ಲ್ಯುಎನ್‌ಜೆ ಅಕ್ಷರವನ್ನು ಐಡಿಯಿಂದ ತೆಗೆಯಿರಿ, ತಲೆಬರಹದಲ್ಲಿ ಹಾಗೇ ಇರಲಿ.

ವಿಳಾಸದಲ್ಲಿ ಒಂದೊಂದು ಕನ್ನಡ ಕೋಡ್‌ಪಾಯಿಂಟ್ 9 ಅಕ್ಷರದ ಶೇಕಡಾ ಸಂಕೇತವಾಗುತ್ತದೆ. 'ಮಂಗಳೂರು' ಅಂದರೆ 63 ಅಕ್ಷರ. ಲೊಕೇಶನ್.ಹ್ಯಾಶ್ ಕೊಡುವುದು ಆ ಸಂಕೇತವನ್ನೇ. ರಿಯಾಕ್ಟ್‌ನಲ್ಲಿ ಕೈಯಾರೆ ಬರೆದ ಕೋಡ್ ಅದನ್ನು ಡಿಕೋಡ್‌ಯುಆರ್‌ಐಕಾಂಪೊನೆಂಟ್‌ಗೆ ಹಾಕದೆ ಹುಡುಕಿದರೆ ಏನೂ ಸಿಗುವುದಿಲ್ಲ, ಕ್ವೆರಿಸೆಲೆಕ್ಟರ್ ಬಳಸಿದರಂತೂ ಎರರ್. ಸ್ಕ್ರೋಲ್‌ರೆಸ್ಟೊರೇಶನ್‌ನ ಮೊದಲ ಆವೃತ್ತಿಗಳಲ್ಲೂ ಇದೇ ಕೊರತೆ ಇತ್ತು, 6ನೇ ಸರಣಿಯಲ್ಲೇ ಮುಂದೆ ಸರಿಹೋಯಿತು. ವ್ಯೂ ರೌಟರ್ 4, ಆ್ಯಂಗ್ಯುಲರ್ ಎರಡೂ ಬಿಡಿಸಿದ ಕನ್ನಡವನ್ನೇ ಕೈಗೆ ಕೊಡುತ್ತವೆ.

ಕನ್ನಡ ಐಡಿಗಳ ಪುಟವನ್ನು ಹೊಸದಾಗಿ ಕಟ್ಟುವವರಿಗೆ ನಮ್ಮ ಆಯ್ಕೆ ವ್ಯೂ. ಈಗಾಗಲೇ ರಿಯಾಕ್ಟ್‌ನಲ್ಲಿದ್ದವರು ಲೋಡರ್ ಮಾದರಿಗೆ ಬಂದರೆ ಸಾಕು. ಯಾವುದೇ ಇರಲಿ, ವೆಬ್‌ಫಾಂಟ್ ತಡವಾಗಿ ಬಂದಾಗ ಸಾಲುಗಳ ಎತ್ತರ ಬದಲಾಗಿ ಕಾಪು ಕೆಳಗೆ ಜಾರಬಹುದು. ಡಾಕ್ಯುಮೆಂಟ್.ಫಾಂಟ್ಸ್.ರೆಡಿಗೆ ಕಾದು ಸ್ಕ್ರೋಲ್ ಮಾಡಿ, ಚಿತ್ರಗಳಿಗೆ ಅಗಲ ಎತ್ತರ ಕೊಡಿ, ಡೆವ್‌ಟೂಲ್ಸ್‌ನಲ್ಲಿ ನೆಟ್‌ವರ್ಕ್ ವೇಗ ತಗ್ಗಿಸಿ, ಕ್ಯಾಶ್ ಆಫ್ ಮಾಡಿ, ಲಿಂಕನ್ನು ಹೊಸ ಟ್ಯಾಬ್‌ನಲ್ಲಿ ತೆರೆದು ನೋಡಿ.