ದಂಡೆಗೆ ಎಳೆದಿಟ್ಟ ದೋಣಿಗೆ ತೇವ ಹೀರುವ ಚೀಲ: ಕೆಲವು ಚಳಿಗಾಲ ಬಳಸಿದ ಮೇಲೆ

ಈ ಚೀಲಗಳು ಕೆಲಸ ಮಾಡುತ್ತವೆ, ಆದರೆ ಪೊಟ್ಟಣದ ಮೇಲಿನ ಚಿತ್ರದಲ್ಲಿ ತೂಗುಬಿಟ್ಟ ಜಾಗದಲ್ಲಲ್ಲ. ಬಾಗಲಕೋಟೆ ಕಡೆ ದೋಣಿ ಇಟ್ಟುಕೊಂಡವರು ಕೊಳ್ಳುವ ಮೊದಲು ಇದನ್ನು ಓದಲಿ.

ನಮ್ಮ ಹೊಲ ಆಲಮಟ್ಟಿ ಹಿನ್ನೀರಿನ ದಂಡೆಗೆ, ಕೊರ್ತಿ-ಕೊಲ್ಹಾರ ಸೇತುವೆಯ ಬೀಳಗಿ ಮಗ್ಗುಲಲ್ಲಿದೆ. ಜಲಾಶಯ 519.6 ಮೀಟರ್‌ಗೆ ತುಂಬಿ ನಿಂತಾಗ ಪಂಪ್‌ಸೆಟ್ಟಿನ ತನಕ ಹೋಗಲು ದೋಣಿಯೇ ಗತಿ. ಕಾರ್ಖಾನೆಗಳು ಕಬ್ಬು ನುರಿಸಲು ಸುರು ಮಾಡಿದವೆಂದರೆ ಮನೆಮಂದಿಯೆಲ್ಲ ಕಟಾವಿಗೆ ಇಳಿಯುತ್ತೇವೆ, ದೋಣಿಯತ್ತ ತಿರುಗಿ ನೋಡಲು ಪುರುಸೊತ್ತಿರುವುದಿಲ್ಲ. ಫೈಬರ್ ದೋಣಿಯನ್ನು ದಂಡೆಗೆ ಎಳೆದು, ಕಲ್ಲಿನ ಮೇಲೆ ಕೂರಿಸಿ, ತಾಡಪತ್ರಿ ಹೊದಿಸಿ ಬಿಡುತ್ತೇವೆ. ಮುಂದಿನ ಮುಚ್ಚಳದ ಪೆಟ್ಟಿಗೆಯಲ್ಲಿ ಲೈಫ್ ಜಾಕೆಟ್, ಹಗ್ಗ, ಬಲೆ ಇರುತ್ತವೆ.

ಚಳಿಗಾಲಕ್ಕೆ ದೋಣಿ ಎತ್ತಿಡುವ ಬಗ್ಗೆ ಹುಡುಕಿದರೆ ಸಿಗುವುದೆಲ್ಲ ಹಿಮ ಬೀಳುವ ದೇಶಗಳ ಸಲಹೆ. ಅಲ್ಲಿ ಎಂಜಿನ್ನಿನಲ್ಲಿ ಉಳಿದ ನೀರು ಹೆಪ್ಪುಗಟ್ಟಿ ಶೇ. 9ರಷ್ಟು ಹಿಗ್ಗಿ ಲೋಹವನ್ನೇ ಸೀಳುತ್ತದೆ, ಅದಕ್ಕೆ ಅವರು ಬೇರೆ ದ್ರಾವಣ ತುಂಬುತ್ತಾರೆ. ನಮಗೆ ಅದರ ಖರ್ಚು ಬೇಡ. ಎಂಜಿನ್ ಬಿಚ್ಚಿ ನೆಟ್ಟಗೆ ನಿಲ್ಲಿಸಿದರೆ ಒಳಗಿನ ನೀರು ತಾನೇ ಇಳಿದುಹೋಗುತ್ತದೆ. ನಮ್ಮನ್ನು ಕಾಡುವುದು ಇಬ್ಬನಿ. ಮಧ್ಯಾಹ್ನ 28 ಡಿಗ್ರಿ ಬಿಸಿಲು, ಗಾಳಿಯಲ್ಲಿ ಶೇ. 50 ತೇವ ಅಂದುಕೊಳ್ಳಿ. ಅದೇ ಗಾಳಿ ರಾತ್ರಿ 17 ಡಿಗ್ರಿಗಿಂತ ಕೆಳಗೆ ಇಳಿಯುತ್ತಿದ್ದಂತೆ ಹಿಡಿದಿಟ್ಟ ನೀರನ್ನು ಬಿಟ್ಟುಕೊಡುತ್ತದೆ. ಡಿಸೆಂಬರ್‌ನಲ್ಲಿ ನಮ್ಮಲ್ಲಿ ಚಳಿ ಅದಕ್ಕಿಂತ ಎಷ್ಟೋ ಕೆಳಗೆ ಇಳಿಯುತ್ತದೆ. ಬೆಳಿಗ್ಗೆ ತಾಡಪತ್ರಿಯ ಒಳಮೈ ಮುಟ್ಟಿದರೆ ಅಂಗೈ ತೊಯ್ಯುತ್ತದೆ, ಒಂದು ಮೂಲೆ ಎತ್ತಿದರೆ ಹನಿಗಳು ಸಾಲುಗಟ್ಟಿ ಹಲಗೆಯ ಮೇಲೆ ಉದುರುತ್ತವೆ. ಬಲೆ ನೈಲಾನ್, ಕೊಳೆಯುವುದಿಲ್ಲ. ಲೈಫ್ ಜಾಕೆಟ್ಟಿನ ಬಟ್ಟೆಗೆ ಮಾತ್ರ ಕಪ್ಪು ಬೂಸಲು ಹಿಡಿದು, ಎಷ್ಟು ತೊಳೆದರೂ ಆ ವಾಸನೆ ಬಿಡುವುದಿಲ್ಲ.

ಅದಕ್ಕೇ ಈ ಚೀಲ ತರಿಸಿದ್ದು. ಮೇಲಿನ ಅರ್ಧದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಹರಳು, ಕೆಳಗೆ ನೀರು ಕೂಡುವ ಪಾರದರ್ಶಕ ಚೀಲ. ಮೊದಮೊದಲು ನೋಡುವುದೇ ಒಂದು ಖುಷಿ. ಬೆಳಿಗ್ಗೆ ಚಹಾ ಕುಡಿದು ದಂಡೆಗೆ ಹೋಗುವುದು, ತಾಡಪತ್ರಿ ಸರಿಸುವುದು, ಚೀಲವನ್ನು ಬೆಳಕಿಗೆ ಹಿಡಿದು ನೀರು ಎಲ್ಲಿಗೆ ಬಂದಿದೆ ಎಂದು ನೋಡುವುದು. ಮೇಲಿನ ಹರಳು ದಿನದಿಂದ ದಿನಕ್ಕೆ ಕರಗಿ, ಗಟ್ಟಿಯಾಗಿ, ಕೊನೆಗೆ ಕಲ್ಲುಸಕ್ಕರೆಯಂತೆ ಒಂದೇ ತುಂಡಾಗಿ ನಿಲ್ಲುತ್ತದೆ. ಎಷ್ಟು ನೀರು ಎಳೆಯಿತಲ್ಲ ಎಂದು ಮನಸ್ಸಿಗೆ ಸಮಾಧಾನ.

ಆದರೆ ತಾಡಪತ್ರಿಯ ಕೆಳಗಿನ ತೇವ ಒಂದಿಷ್ಟೂ ಇಳಿಯಲಿಲ್ಲ. ಸುಮಾರು 300 ರೂಪಾಯಿಯ ಪುಟ್ಟ ತೇವಾಂಶ ಮಾಪಕ ಇಟ್ಟೆ, ಬೆಳಿಗ್ಗೆ ಯಾವಾಗ ನೋಡಿದರೂ ಶೇ. 90ರ ಆಚೆಯೇ ತೋರಿಸುತ್ತಿತ್ತು. ಕಾರಣ ಸರಳ: ತಾಡಪತ್ರಿಯ ನಾಲ್ಕೂ ಅಂಚಿನಿಂದ ಹಿನ್ನೀರಿನ ಗಾಳಿ ಒಳಗೆ ಬರುತ್ತದೆ, ಕೆಳಗೆ ಹಸಿ ಮಣ್ಣಿದೆ. ಚೀಲ ಇಡೀ ಕೃಷ್ಣೆಯ ಗಾಳಿಯನ್ನು ಒಣಗಿಸಲು ಹೊರಟು, ವಾರ ಎರಡು ವಾರದಲ್ಲಿ ತುಂಬಿ ಮುಗಿದುಹೋಗುತ್ತದೆ.

ಅದಕ್ಕಿಂತ ಸಿಟ್ಟು ಬಂದದ್ದು ಹೊಲಿಗೆಯ ಮೇಲೆ. ಕೆಳಚೀಲದ ಅಂಚು ಬಿಟ್ಟು ಉಪ್ಪುನೀರು ಸೋರಿತು. ಅದು ಬರೀ ನೀರಲ್ಲ, ಅಲ್ಯೂಮಿನಿಯಮ್ಮನ್ನೂ ಕಬ್ಬಿಣವನ್ನೂ ತಿನ್ನುತ್ತದೆ. ಹುಟ್ಟಿನ ಅಲ್ಯೂಮಿನಿಯಂ ಕೊಳವೆ ಬಿಳಿ ಪುಡಿ ಕಟ್ಟಿಕೊಂಡಿತು, ಕೊಂಡಿಯ ತಿರುಪು ತುಕ್ಕು ಹಿಡಿದು ಕಚ್ಚಿಕೊಂಡಿತು. ಚರ್ಮಕ್ಕೆ ತಾಗಿದರೆ ಉರಿಯುತ್ತದೆ. ಎಮ್ಮೆ ಕಟ್ಟುವ ಜಾಗದ ಹತ್ತಿರ ಇಡಲೇಬೇಡಿ, ಉಪ್ಪೆಂದು ನೆಕ್ಕುತ್ತವೆ. ಮಾರುವ ಕಂಪನಿಯವರು ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕಿತ್ತು.

ಚೀಲದ ಬಗ್ಗೆ ನನ್ನ ಮನಸ್ಸು ತಿರುಗಿದ್ದು ಮುಂದಿನ ಪೆಟ್ಟಿಗೆಯಿಂದ. ಮುಚ್ಚಳಕ್ಕೆ ರಬ್ಬರ್ ಪಟ್ಟಿ ಅಂಟಿಸಿ, ಜಾಕೆಟ್ಟುಗಳನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ ಒಳಗಿಟ್ಟು, ಚೀಲವನ್ನು ಪ್ಲಾಸ್ಟಿಕ್ ಬೋಗುಣಿಯಲ್ಲಿ ನಿಲ್ಲಿಸಿ ಮುಚ್ಚಿದೆ. ಅದೇ ಮಾಪಕ ಅಲ್ಲಿ ಶೇ. 55ರ ಸುತ್ತ ನಿಂತಿತು. ಶೇ. 60ರ ಕೆಳಗೆ ಬೂಸಲಿನ ಕಾಟ ಇರುವುದಿಲ್ಲ. ಚೀಲವೂ ಸೀಜನ್ ಮುಗಿಯುವ ತನಕ ಬಾಳಿತು. ಮುಚ್ಚಿದ ಜಾಗಕ್ಕೆ ಇದಕ್ಕಿಂತ ಅಗ್ಗದ್ದು ನಾನು ಕಂಡಿಲ್ಲ.

ಉಳಿದ ದೋಣಿಗೆ ಬೇಕಿದ್ದದ್ದು ಗಾಳಿ. ನಮ್ಮ ಕಡೆ ಮೀನು ಹಿಡಿಯುವ ಕಾಕಾ ಒಬ್ಬರು ನೋಡಿ, "ಹಿಂಗ ಬಿಗದ ಕಟ್ಟಿದ್ರ ಅದು ಬೆವರ್ತೈತೋ ತಮ್ಮಾ, ಎರಡೂ ತುದಿ ಬಿಡು" ಅಂದರು. ನಡುವೆ ಉದ್ದಕ್ಕೆ ಬಿದಿರು ಕಟ್ಟಿ ತಾಡಪತ್ರಿಯನ್ನು ಡೇರೆಯಂತೆ ಎತ್ತರಿಸಿ, ಎರಡೂ ತುದಿ ತೆರೆದು ಬಿಟ್ಟೆ. ಹನಿ ಬೀಳುವುದು ಬಹಳ ಕಡಿಮೆಯಾಯಿತು, ಬಿದ್ದದ್ದೂ ಹತ್ತು ಗಂಟೆಯೊಳಗೆ ಆರುತ್ತದೆ. ತುದಿಗೆ ಕಬ್ಬಿಣದ ಜಾಳಿಗೆ ಕಟ್ಟಲು ಮರೆಯಬೇಡಿ. ಕಬ್ಬು ಕಡಿದ ಹೊಲದ ಇಲಿಗಳು ನೇರ ಬಲೆಗೇ ಬರುತ್ತವೆ.

ಇನ್ನೊಂದು ಮಾತು ಕಟುವಾಗಿಯೇ ಹೇಳುತ್ತೇನೆ. ತೇವ ಆರಲೆಂದು ತಾಡಪತ್ರಿಯ ಕೆಳಗೆ ನೂರು ವ್ಯಾಟಿನ ಬಲ್ಬು ಉರಿಸುವವರು, ಕೆಂಡದ ಬಾಂಡ್ಲಿ ಇಡುವವರು ನಮ್ಮ ದಂಡೆಯಲ್ಲೂ ಇದ್ದಾರೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲೇ ಕೂರುತ್ತದೆ. ಒಂದು ಕಿಡಿ ಸಾಕು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಬೆಚ್ಚಗಿದೆಯೆಂದು ಒಳಗೆ ಮಲಗಿದವರು ಏಳುವುದಿಲ್ಲ. ಟ್ಯಾಂಕು, ಬ್ಯಾಟರಿ ಎರಡನ್ನೂ ದೋಣಿಯಿಂದ ಇಳಿಸಿಯೇ ಹೊದಿಸಿ.

ಈ ವರ್ಷ ಚೀಲದ ಜೊತೆಗೆ ಅರ್ಧ ಕಿಲೋ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ಲನ್ನೂ ತಂದಿದ್ದೇನೆ. ತೇವ ಹೀರಿದಂತೆ ಹಸಿರಾಗುತ್ತದೆ, ಹಳೆಯ ತಗಡಿನ ತಟ್ಟೆಯಲ್ಲಿ ಸಣ್ಣ ಉರಿಗೆ ಇಟ್ಟು ಆಡಿಸಿದರೆ ಮತ್ತೆ ಕಿತ್ತಳೆಗೆ ಬರುತ್ತದೆ. ರೊಟ್ಟಿ ಹಂಚಿನಲ್ಲಿ ಮಾತ್ರ ಹುರಿಯಬೇಡಿ. ಮೊದಲ ಖರ್ಚು ಹೆಚ್ಚು, ಆದರೆ ಸೋರುವುದಿಲ್ಲ, ಪ್ರತಿ ವರ್ಷ ಕೊಳ್ಳಬೇಕಿಲ್ಲ. ದೊಡ್ಡ ಪೆಟ್ಟಿಗೆಗೆ ಚೀಲ, ಎಂಜಿನ್ನಿನ ಸಾಮಾನು ಇಡುವ ಡಬ್ಬಿಗೆ ಜೆಲ್, ಹೀಗೆ ಹಂಚಿದ್ದೇನೆ. ಚೀಲಕ್ಕೆ ಐದಕ್ಕೆ ಮೂರು ಅಂಕ ಕೊಡುತ್ತೇನೆ. ಹೊಲಿಗೆ ಗಟ್ಟಿ ಮಾಡಿದರೆ ನಾಲ್ಕು. ತೂಗುಹಾಕುವ ಚೀಲದ ಬದಲು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯದು ಸಿಕ್ಕರೆ ಅದನ್ನೇ ಕೊಳ್ಳಿ.