ಎಂಟು ಕತೆಗಳಿಗಾಗಿ ಇನ್ನೂ ಆಡುತ್ತಿದ್ದೇನೆ: ‘ಸ್ಟಾರ್ ವಾರ್ಸ್: ದಿ ಓಲ್ಡ್ ರಿಪಬ್ಲಿಕ್’ ಆನ್‌ಲೈನ್ ಆಟ

ಈ ಆಟ ಹೇಗೆ ಕಾಣುತ್ತೆ, ಯಾವ ಲ್ಯಾಪ್‌ಟಾಪ್ ಸಾಕು, ಎಷ್ಟು ಜಿಬಿ ಜಾಗ ಬೇಕು ಅನ್ನೋದೆಲ್ಲ ನೀವು ಈಗಾಗಲೇ ನೋಡಿರುತ್ತೀರಿ. ನಾನು ಬರೆಯುತ್ತಿರುವುದು ಫಾರ್ಮಿಂಗ್ ಬಗ್ಗೆ, ಅಂದರೆ ಆಟದೊಳಗಿನ ದುಡ್ಡು, ಸಾಮಗ್ರಿಗಾಗಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡೋದು. ವರ್ಷಗಟ್ಟಲೆ ಒಂದೇ ಆನ್‌ಲೈನ್ ಆಟ ಆಡಿದವರಿಗೆ ಗೊತ್ತು, ಕೊನೆಗೆ ಉಳಿಯುವುದು ಇದೇ. ಅದೇ ಶಿಬಿರ, ಅದೇ ಕಾವಲುಗಾರರು, ಅದೇ ಪೆಟ್ಟಿಗೆ. ಇವತ್ತು ಹೊಡೆದು ಬೀಳಿಸಿದವರು ಮುಂದಿನ ವಾರ ಅಲ್ಲೇ ನಿಂತಿರುತ್ತಾರೆ. ಕ್ರೆಡಿಟ್ (ಆಟದ ದುಡ್ಡು) ಬೇಕು, ಸಾಮಗ್ರಿ ಬೇಕು, ಹಾಗಾಗಿ ಮತ್ತೆ ಹೊಡೆಯಬೇಕು. ಎಷ್ಟೋ ಆಟಗಳನ್ನು ನಾನು ಬಿಟ್ಟಿದ್ದು ಈ ಹಂತದಲ್ಲೇ. ಇದೊಂದನ್ನು ಬಿಡಲಿಲ್ಲ.

ಆಟ ಶುರುವಾಗಿದ್ದು 2011ರ ಡಿಸೆಂಬರ್‌ನಲ್ಲಿ. ಮರುವರ್ಷವೇ ದುಡ್ಡು ಕೊಡದೆಯೂ ಆಡಬಹುದು ಅಂತ ಆಯಿತು. ಆಟದಲ್ಲಿ ಒಂದಕ್ಕೊಂದು ಶತ್ರುವಾದ ಎರಡು ಪಕ್ಷ: ರಿಪಬ್ಲಿಕ್ ಕಡೆ ನಾಲ್ಕು ಕ್ಲಾಸ್ (ಪಾತ್ರದ ಬಗೆ), ಎಂಪೈರ್ ಕಡೆ ನಾಲ್ಕು. ಒಂದೊಂದು ಕ್ಲಾಸ್‌ಗೂ ಮೂರು ಅಧ್ಯಾಯದ ಬೇರೆಯೇ ಕತೆ, ನಮ್ಮ ಜತೆ ಓಡಾಡಲು ಆಟವೇ ಕೊಡುವ ಬೇರೆಯೇ ಜತೆಗಾರರು. ಮಾತೆಲ್ಲ ನಟರು ಆಡಿದ್ದು, ಓದೋ ಕೆಲಸ ಕಡಿಮೆ. ಎರಡು ಲಕ್ಷಕ್ಕೂ ಜಾಸ್ತಿ ಸಾಲು ಸಂಭಾಷಣೆ ರೆಕಾರ್ಡ್ ಮಾಡಿದ್ದಕ್ಕೆ ಗಿನ್ನೆಸ್ ದಾಖಲೆಯೂ ಸಿಕ್ಕಿದೆ. ಹೆಣ್ಣು ಪಾತ್ರ ಮಾಡಿದರೆ ಒಂದು ದನಿ, ಗಂಡು ಪಾತ್ರಕ್ಕೆ ಇನ್ನೊಂದು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಫಾರ್ಮಿಂಗ್ ಮಾಡುವಾಗ ನಿಮ್ಮ ಕಿವಿಯಲ್ಲಿ ಉಳಿಯುವುದು ಆ ದನಿಯೇ.

ನಾನು ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ಬೆಳಿಗ್ಗೆ ಹಾಜರಿ, ಆಮೇಲೆ ತೋಟ ಸುತ್ತೋದು, ಸಂಜೆ ಕುಯ್ದ ಹಣ್ಣಿನ ತೂಕ, ಚೆಕ್‌ರೋಲ್ (ಕೂಲಿಯವರ ಲೆಕ್ಕದ ಪುಸ್ತಕ) ಬರೆಯೋದು. ಕತ್ತಲಾದ ಮೇಲೆ ನಮ್ಮಲ್ಲಿ ಆನೆ ಭಯ. ಪೇಟೆಗೆ ಹೋಗಿ ಬರೋಣ ಅನ್ನುವ ಮಾತೇ ಇಲ್ಲ. ಹಾಗಾಗಿ ನನಗೆ ಸಂಜೆಗಳು ಉದ್ದ. ಹಂಡೆಯ ಬಿಸಿನೀರಲ್ಲಿ ಸ್ನಾನ ಮಾಡಿ, ಬೆಲ್ಲದ ಕಾಫಿ ದೊಡ್ಡ ಲೋಟದಲ್ಲಿ ಹಾಕಿಕೊಂಡು ಕೂರುತ್ತೇನೆ. ಮೊದಲು ಯಾವ ಜಗಳಕ್ಕೂ ಹೋಗಲ್ಲ. ಒಂದೊಂದೇ ಪಾತ್ರವನ್ನು ತೆರೆದು, ಅವರ ಜತೆಗಾರರನ್ನು ಕೆಲಸಕ್ಕೆ ಕಳಿಸುತ್ತೇನೆ. ಒಬ್ಬ ಲೋಹ ಹೆಕ್ಕಲು, ಇನ್ನೊಬ್ಬ ಗಿಡಮೂಲಿಕೆಗೆ, ಮತ್ತೊಬ್ಬಳು ಕಂಪ್ಯೂಟರ್ ಬೀಗ ಒಡೆಯಲು. ಕಳಿಸುವಾಗ ಒಬ್ಬೊಬ್ಬರೂ ಒಂದು ಮಾತು ಆಡುತ್ತಾರೆ. ಕೆಲವರು ಖುಷಿಯಿಂದ, ಕೆಲವರು ಗೊಣಗಿಕೊಂಡು. ಈ ಸುತ್ತು ಮುಗಿಯೋ ಹೊತ್ತಿಗೆ ಕಾಫಿ ಅರ್ಧ ಆಗಿರುತ್ತದೆ. ಆಟದಿಂದ ಹೊರಗೆ ಬಂದರೂ ಅವರ ಕೆಲಸ ನಿಲ್ಲಲ್ಲ, ನಾಳೆ ಬಂದಾಗ ಸಾಮಗ್ರಿ ಕಾದಿರುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗುವ ಊರಿನವರಿಗೆ ಇದು ದೊಡ್ಡ ಉಪಕಾರ.

ಇನ್ನು ನಿಜವಾದ ಫಾರ್ಮಿಂಗ್, ಅಂದರೆ ಹೀರೋಯಿಕ್‌ಗಳು, ವಾರಕ್ಕೊಮ್ಮೆ ಮತ್ತೆ ಮಾಡಬಹುದಾದ ಹೊಡೆದಾಟದ ಕೆಲಸಗಳು. ಫ್ಲೀಟ್‌ನ (ಆಟಗಾರರೆಲ್ಲ ಸೇರುವ ಬಾಹ್ಯಾಕಾಶ ನಿಲ್ದಾಣ) ಟರ್ಮಿನಲ್‌ನಲ್ಲಿ ಮಿಷನ್ ತಗೊಂಡರೆ ನೇರ ಆ ಜಾಗಕ್ಕೆ ಹಾರಬಹುದು. ಹತ್ತಿಪ್ಪತ್ತು ಜನರನ್ನು ಹೊಡೆದು, ಒಂದು ಗುಂಡಿ ಒತ್ತಿ, ವಾಪಸ್. ಪ್ರತಿ ವಾರ ಅದೇ. ಒಂದೇ ಪಾತ್ರದಲ್ಲಿ ಇದನ್ನು ಮಾಡಿದರೆ ಬೇಗ ಬೇಸರ ಬರುತ್ತದೆ. ಬೇರೆ ಪಾತ್ರ ಮಾಡಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಯಾವುದನ್ನು ಮಾಡಬೇಕು ಅಂತ ಯಾರೂ ಹೇಳಲ್ಲ. ಯುದ್ಧದ ಶೈಲಿ ನೋಡಿ ಆರಿಸಿದರೆ ಪ್ರಯೋಜನ ಇಲ್ಲ. ಕತೆ ನೋಡಿ ಆರಿಸಬೇಕು. ಅದೂ ಹಿಂದಿನ ಪಾತ್ರಕ್ಕೆ ಎಷ್ಟು ದೂರದ ಕತೆಯೋ ಅಷ್ಟು ಒಳ್ಳೆಯದು. ಕಾಫಿ ಕುಯ್ಯುವಾಗಲೂ ಹಾಗೇ ಅಲ್ವಾ, ಸಾಲು ಅದೇ ಇದ್ದರೂ ಪಕ್ಕದ ಸಾಲಿನಲ್ಲಿ ಮಾತಾಡೋರು ಬದಲಾದರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ.

ನನ್ನ ಮೊದಲ ಪಾತ್ರ ಸಿತ್ ವಾರಿಯರ್. ಸಿತ್ ಅಂದರೆ ಎಂಪೈರ್ ಆಳುವ ಕತ್ತಲೆ ಪಂಥದವರು. ಕೊರಿಬಾನ್ ಗ್ರಹದಲ್ಲಿ ಶುರು. ಅಲ್ಲಿ ವೆಟ್ ಅನ್ನೋ ಹುಡುಗಿ ಜತೆಗಾರಳಾಗಿ ಸಿಗುತ್ತಾಳೆ, ಕೊರಳಿಗೆ ಶಾಕ್ ಹೊಡೆಯುವ ಪಟ್ಟಿ ಹಾಕಿರುತ್ತಾರೆ. ಅದನ್ನು ತೆಗೆಯಬಹುದು, ಬೇಡ ಅಂದರೆ ಶಾಕ್ ಕೊಡುತ್ತಲೂ ಇರಬಹುದು. ನಾನು ತೆಗೆದೆ. ಆಮೇಲೆ ಅವಳ ಜತೆ ಎಷ್ಟು ಹೀರೋಯಿಕ್ ಮಾಡಿದರೂ, ನಾನು ಬಿಡಿಸಿದ ಹುಡುಗಿ ಪಕ್ಕದಲ್ಲಿ ನಿಂತು ಗುಂಡು ಹಾರಿಸುತ್ತಿದ್ದಾಳೆ ಅನ್ನೋ ಸಮಾಧಾನ ಇರುತ್ತಿತ್ತು. ವಾರಿಯರ್ ಆದ ಮೇಲೆ ಸುಮ್ನೆ ಇನ್ನೊಂದು ಸಿತ್ ಪಾತ್ರ ಮಾಡಿದ್ದರೆ ಅದೇ ಕತ್ತಲೆ, ಅದೇ ಒಳಜಗಳ. ನಾನು ಸ್ಮಗ್ಲರ್ ಕಡೆ ಹೋದೆ. ಅವನ ಹಡಗನ್ನೇ ಸ್ಕಾವಾಕ್ ಅನ್ನೋ ಕಳ್ಳ ಹೊಡೆದುಕೊಂಡು ಹೋಗುತ್ತಾನೆ. ಜತೆಗಾರ ಕಾರ್ಸೋನ ಪ್ರೀತಿಯ ಬಂದೂಕೂ ಅದರ ಜತೆ ಹೋಗುತ್ತದೆ. ಗ್ಯಾಲಕ್ಸಿ ಉಳಿಸುವ ಯೋಚನೆಯೇ ಅವನಿಗಿಲ್ಲ, ಹಡಗು ಬೇಕು, ಅಷ್ಟೇ. ಇಂಥವನು ಕ್ರೆಡಿಟ್‌ಗಾಗಿ ಅದೇ ಶಿಬಿರಕ್ಕೆ ಮತ್ತೆ ಮತ್ತೆ ನುಗ್ಗೋದರಲ್ಲಿ ಅರ್ಥ ಇದೆ. ದುಡ್ಡು ಹುಡುಕೋದು ಅವನ ಕಸುಬು.

ಇದು ತಲೆಗೆ ಹೋದ ಮೇಲೆ ನಾನು ಫಾರ್ಮಿಂಗ್ ಮಾಡುವ ರೀತಿಯೇ ಬದಲಾಯಿತು. ಯಾವ ಕೆಲಸ ಯಾವ ಪಾತ್ರಕ್ಕೆ ಒಪ್ಪುತ್ತದೆ ಅಂತ ನೋಡತೊಡಗಿದೆ. ಹಣ್ಣಿನ ಲೆಕ್ಕ ಬರೆದು ಮುಗಿದ ಒಂದು ಹಳೆಯ ಚೆಕ್‌ರೋಲ್ ಪುಸ್ತಕ ಇತ್ತು, ಹಿಂದಿನ ಹಾಳೆಗಳು ಖಾಲಿ. ಅದರಲ್ಲಿ ಕೂಲಿಯವರ ಹೆಸರಿನ ಕಾಲಂನಲ್ಲಿ ಪಾತ್ರಗಳ ಹೆಸರು ಬರೆದೆ. ಪಕ್ಕದಲ್ಲಿ ಕಸುಬು, ಕತೆ ಎಲ್ಲಿ ನಿಂತಿದೆ, ಯಾವ ಗ್ರಹದ ಹೀರೋಯಿಕ್ ಇವರ ಪಾಲು. ಕೊನೆಯ ಕಾಲಂನಲ್ಲಿ ಒಂದೇ ಸಾಲು: ಇವರು ಏನು ಮಾಡಲ್ಲ. ವಾರಿಯರ್ ಶರಣಾದವರನ್ನು ಕೊಲ್ಲಲ್ಲ. ಸ್ಮಗ್ಲರ್ ಪುಕ್ಕಟೆ ಕೆಲಸ ಮಾಡಲ್ಲ. ಟ್ರೂಪರ್ (ರಿಪಬ್ಲಿಕ್ ಸೈನಿಕ) ಆರ್ಡರ್ ಮೀರಲ್ಲ. ಇಷ್ಟು ಬರೆದುಕೊಂಡರೆ ಸಾಕು, ಹದಿನೈದು ದಿನ ಬಿಟ್ಟು ಬಂದರೂ ಆ ಪಾತ್ರದ ಮನಸ್ಸು ತಕ್ಷಣ ನೆನಪಾಗುತ್ತದೆ.

ನಾನು ನಿರೀಕ್ಷೆಯೇ ಮಾಡದಿದ್ದ ಖುಷಿ ಕೊಟ್ಟಿದ್ದು ರಿಪಬ್ಲಿಕ್ ಕಡೆಯ ಜೇಡೈ ಕಾನ್ಸುಲರ್ ಪಾತ್ರ. ಮೊದಲ ಅಧ್ಯಾಯ ನಿಧಾನ, ಬೇಸರ ಅಂತ ಬಹಳ ಜನ ಹೇಳುತ್ತಾರೆ. ನನಗೂ ಮೊದಮೊದಲು ಹಾಗೇ ಅನಿಸಿತು. ಆದರೆ ಅವಳ ಮೊದಲ ಜತೆಗಾರ ಕೈಜೆನ್ ಫೆಸ್, ಟ್ರ್ಯಾಂಡೋಷನ್ ಅನ್ನೋ ಜನಾಂಗದ ಬೇಟೆಗಾರ. ಅವರ ನಂಬಿಕೆಯಲ್ಲಿ ಸ್ಕೋರ್‌ಕೀಪರ್ ಅನ್ನೋ ದೇವತೆ ಇದ್ದಾಳೆ. ಒಳ್ಳೆಯ ಬೇಟೆ ಆಡಿದರೆ ಅವಳ ಲೆಕ್ಕದಲ್ಲಿ ಅಂಕ ಕೂಡುತ್ತದೆ. ಇಂಥವನನ್ನು ಪಕ್ಕದಲ್ಲಿಟ್ಟುಕೊಂಡು ಫಾರ್ಮಿಂಗ್ ಮಾಡಿ ನೋಡಿ! ನಮಗೆ ಇದು ಹಳೇ ಹೀರೋಯಿಕ್, ಅವನಿಗೆ ಪ್ರತಿ ಬೇಟೆಯೂ ಪೂಜೆ. ಇಡೀ ಆಟದಲ್ಲಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಲು ನಿಜವಾದ ಕಾರಣ ಇರುವವನು ಅವನೊಬ್ಬನೇ ಅಂತ ನನಗೆ ಅನಿಸುತ್ತದೆ. ದೊಡ್ಡ ಮೃಗಗಳಿರುವ ಗ್ರಹಗಳನ್ನೆಲ್ಲ ನಾನು ಈ ಜೋಡಿಗೇ ಬಿಟ್ಟಿದ್ದೇನೆ.

ಇನ್ನೊಂದು ಹೇಳಲೇಬೇಕು, ಟಾರಿಸ್ ಗ್ರಹದ ವಿಷಯ. ಮುನ್ನೂರು ವರ್ಷ ಹಿಂದೆ ಬಾಂಬು ಹಾಕಿ ಹಾಳುಮಾಡಿದ ಜಾಗ. ರಿಪಬ್ಲಿಕ್ ಪಾತ್ರದಲ್ಲಿ ಹೋದರೆ ಅಲ್ಲಿ ಮತ್ತೆ ಊರು ಕಟ್ಟುವವರಿಗೆ ನೆರವಾಗುತ್ತೀರಿ. ಎಂಪೈರ್ ಪಾತ್ರದಲ್ಲಿ ಆಮೇಲೆ ಹೋದರೆ ಅದನ್ನೇ ಕೆಡವಲು ಹೋಗಿರುತ್ತೀರಿ. ಟ್ರೂಪರ್‌ನಲ್ಲಿ ಕಟ್ಟಿಸಿ, ಸ್ವಲ್ಪ ದಿನಕ್ಕೆ ವಾರಿಯರ್‌ನಲ್ಲಿ ಅಲ್ಲಿಗೇ ಕಾಲಿಟ್ಟಾಗ ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು. ಅಲ್ಲಿಯ ದಾರಿಗಳು ನನಗೆ ಗೊತ್ತು, ಆದರೆ ಈಗ ನಾನೇ ಶತ್ರು. ಎರಡೂ ಕಡೆ ಒಂದೊಂದು ಪಾತ್ರ ಇಟ್ಟುಕೊಳ್ಳಿ ಅಂತ ನಾನು ಹೇಳೋದು ಇದಕ್ಕೇ.

ಇಲ್ಲಿಯವರೆಗೆ ಹೊಗಳಿದ್ದು ಸಾಕು. ಈ ಆಟ ನನಗೆ ನೋವು ಕೊಟ್ಟ ಜಾಗವೂ ಕತೆಯೇ. ಮೂರನೇ ಅಧ್ಯಾಯ ಮುಗಿದ ಮೇಲೆ ಎಂಟು ಕತೆ ಎಂಟಾಗಿ ಉಳಿಯಲ್ಲ. 2013ರ ವಿಸ್ತರಣೆಯಲ್ಲಿ (ಆಟಕ್ಕೆ ಆಮೇಲೆ ಸೇರಿಸಿದ ಭಾಗ) ಪಕ್ಷಕ್ಕೊಂದು ಕತೆ ಆಯಿತು. 2015ರಲ್ಲಿ ಬಂದ ‘ನೈಟ್ಸ್ ಆಫ್ ದಿ ಫಾಲನ್ ಎಂಪೈರ್’ನಲ್ಲಿ ಎಲ್ಲರಿಗೂ ಒಂದೇ. ಸ್ಮಗ್ಲರ್ ಆಗಲಿ, ಸಿತ್ ಆಗಲಿ, ಎಲ್ಲರನ್ನೂ ‘ಔಟ್‌ಲ್ಯಾಂಡರ್’ ಅಂತಲೇ ಕರೆಯುತ್ತಾರೆ. ನಡುವೆ ಒಂದೊಂದು ಮಾತು ಪಾತ್ರಕ್ಕೆ ತಕ್ಕ ಹಾಗೆ ಬದಲಾಗುತ್ತದೆ ನಿಜ. ಆದರೆ ಹಡಗಿಗಾಗಿ ಓಡಾಡುತ್ತಿದ್ದ ನನ್ನ ಸ್ಮಗ್ಲರ್ ಇದ್ದಕ್ಕಿದ್ದ ಹಾಗೆ ದೊಡ್ಡ ಒಕ್ಕೂಟದ ಮುಖಂಡನಾಗಿ ಭಾಷಣ ಮಾಡೋದು ನೋಡಿ ಬೇಜಾರಾಯಿತು. ಅದಕ್ಕಿಂತ ಜಾಸ್ತಿ ಬೇಜಾರು ಜತೆಗಾರರ ವಿಷಯದಲ್ಲಿ. ಆ ಕತೆ ಶುರು ಮಾಡಿದ ಕೂಡಲೇ ಹಳೆಯ ಜತೆಗಾರರು ಚೆದುರಿಹೋಗುತ್ತಾರೆ. ಶುರು ಮಾಡುವ ಮೊದಲು ಆಟ ಎಚ್ಚರಿಕೆ ಕೊಡುತ್ತದೆ, ಅದನ್ನು ನಿಧಾನವಾಗಿ ಓದಿ. ಕತೆ ಚೆನ್ನಾಗಿಲ್ಲ ಅನ್ನಲ್ಲ, ಒಂದು ಪಾತ್ರದಲ್ಲಿ ಆಡೋಕೆ ಚೆನ್ನಾಗಿದೆ. ಎರಡನೇ ಸಲ ಅದೇ ಕತೆಯನ್ನು ಬೇರೆ ಮುಖದಲ್ಲಿ ನೋಡುವಾಗ ಫಾರ್ಮಿಂಗ್‌ನ ಬೇಸರವೇ ಕತೆಗೂ ಹತ್ತಿಕೊಳ್ಳುತ್ತದೆ.

ಹಾಗಾಗಿ ನಾನೊಂದು ನಿಯಮ ಮಾಡಿಕೊಂಡಿದ್ದೇನೆ. ವಾರಿಯರ್ ಮಾತ್ರ ಮುಂದಿನ ಕತೆಗೆ ಹೋಗುತ್ತಾಳೆ. ಉಳಿದವರೆಲ್ಲ ಮೂರನೇ ಅಧ್ಯಾಯ ಮುಗಿಸಿ ಅಲ್ಲೇ ನಿಲ್ಲುತ್ತಾರೆ, ತಮ್ಮ ತಮ್ಮ ಹಡಗಿನಲ್ಲಿ, ತಮ್ಮ ತಮ್ಮವರ ಜತೆ. ಸಾಮಗ್ರಿ ತರೋದು, ವಾರದ ಹೀರೋಯಿಕ್, ಎಲ್ಲ ಇವರದ್ದೇ. ಕತೆಯನ್ನೂ ನಾನು ಒಂದೇ ಸಲ ಮುಗಿಸಲ್ಲ. ಒಂದು ಗ್ರಹದ ಕತೆ, ಆಮೇಲೆ ಆ ಗ್ರಹದ ಹೀರೋಯಿಕ್, ಆಮೇಲೆ ಇನ್ನೊಂದು ಪಾತ್ರ. ಎಂಪೈರ್‌ನ ಗೂಢಚಾರ, ಇಂಪೀರಿಯಲ್ ಏಜೆಂಟ್‌ನ ಎರಡನೇ ಅಧ್ಯಾಯದಲ್ಲಿ ಮಾತ್ರ ಈ ನಿಯಮ ಮುರಿದೆ. ಅಲ್ಲಿ ನೀವು ಆರಿಸುವ ಮಾತುಗಳಿಗೇ ಏನೋ ಆಗುತ್ತದೆ, ಅದನ್ನು ಇಲ್ಲಿ ಹೇಳಿ ಕೆಡಿಸಲ್ಲ. ಅವತ್ತು ಯಾವ ಹೀರೋಯಿಕ್ ಕೂಡ ಬೇಡವಾಗಿತ್ತು.

ದುಡ್ಡಿನ ವಿಷಯ. ಎಂಟೂ ಕತೆಗಳನ್ನು ಪುಕ್ಕಟೆಯಾಗಿ ಆಡಬಹುದು, ಇದಂತೂ ದೊಡ್ಡ ಮಾತು. ಆದರೆ ಪುಕ್ಕಟೆ ಖಾತೆಯಲ್ಲಿ ಎಷ್ಟು ಪಾತ್ರ ಇಟ್ಟುಕೊಳ್ಳಬಹುದು, ಎಷ್ಟು ಕ್ರೆಡಿಟ್ ಕೈಯಲ್ಲಿರಬಹುದು, ಎಷ್ಟು ಕಸುಬು ಕಲಿಯಬಹುದು, ಎಲ್ಲಕ್ಕೂ ಮಿತಿ ಇದೆ. ಒಂದು ತಿಂಗಳು ಚಂದಾ ಕಟ್ಟಿದರೆ ಅಷ್ಟೂ ವಿಸ್ತರಣೆಗಳು ನಿಮ್ಮದಾಗುತ್ತವೆ, ಚಂದಾ ನಿಂತ ಮೇಲೂ ಉಳಿಯುತ್ತವೆ. ನಾನು ಚಂದಾ ಕಟ್ಟೋದು ಕೊಯ್ಲು ಮುಗಿದು ಬೋನಸ್ ಬಂದ ಮೇಲೆ, ಏಪ್ರಿಲ್ ಹೊತ್ತಿಗೆ. ಜೂನ್ ಬಂತೆಂದರೆ ಇಲ್ಲಿ ಮರ ಬಿದ್ದು ತಂತಿ ಹರಿಯುತ್ತದೆ, ನೆಟ್ ವಾರಗಟ್ಟಲೆ ಇರಲ್ಲ. ಮಳೆಗಾಲಕ್ಕೆ ಚಂದಾ ಕಟ್ಟೋದು ದುಡ್ಡು ದಂಡ. ಜನವರಿ, ಫೆಬ್ರವರಿಯಲ್ಲಿ ರೊಬಸ್ಟಾ ಕೊಯ್ಲು, ಆಗ ಬರೀ ಜತೆಗಾರರನ್ನು ಕೆಲಸಕ್ಕೆ ಕಳಿಸಿ ಮಲಗುವಷ್ಟೇ ಶಕ್ತಿ ಇರುತ್ತದೆ.

ಕುಶಾಲನಗರದಲ್ಲಿರುವ ಚಿಕ್ಕಪ್ಪನ ಮಗ ಮೊನ್ನೆ ಆಟ ಶುರು ಮಾಡುವಾಗ ಫೋನ್ ಮಾಡಿದ್ದ. “ಅಣ್ಣಾ, ಯಾವುದರಿಂದ ಶುರು ಮಾಡ್ಲಿ? ಏಜೆಂಟ್ ಚೆನ್ನಾಗಿದೆ ಅಂತಾರಲ್ಲ?”

“ಏಜೆಂಟ್ ಮೊದಲೇ ಬೇಡ ಮಾರಾಯ. ಅದಾದ ಮೇಲೆ ಬೇರೆದೆಲ್ಲ ಸಪ್ಪೆ ಅನ್ಸುತ್ತೆ. ಮೊದಲು ನಗಿಸೋದು ಒಂದು, ಸಿಟ್ಟಿನದು ಒಂದು ಮಾಡು. ಆಮೇಲೆ ಏಜೆಂಟ್.”

ಅವನು ಬೌಂಟಿ ಹಂಟರ್ (ದುಡ್ಡಿಗಾಗಿ ಜನರನ್ನು ಬೇಟೆಯಾಡುವವನು) ಆರಿಸಿದ. ಈಗ ಭಾನುವಾರ ರಾತ್ರಿ ನಾವಿಬ್ಬರೂ ಸೇರಿ ‘ಬ್ಲ್ಯಾಕ್ ಟ್ಯಾಲನ್’ ಫ್ಲ್ಯಾಶ್‌ಪಾಯಿಂಟ್ (ಗುಂಪಾಗಿ ಆಡಬಹುದಾದ ಪುಟ್ಟ ಕತೆ) ಮಾಡುತ್ತೇವೆ. ಗುಂಪಾಗಿ ಹೋದರೆ ಸಂಭಾಷಣೆಯಲ್ಲಿ ಇಬ್ಬರೂ ಒಂದೊಂದು ಉತ್ತರ ಆರಿಸಬೇಕು, ದಾಳ ಯಾರಿಗೆ ಬೀಳುತ್ತದೋ ಅವರ ಮಾತು ನಡೆಯುತ್ತದೆ. ಅಲ್ಲಿ ಹಡಗಿನ ಕ್ಯಾಪ್ಟನ್ ಓರ್ಜಿಕ್‌ನನ್ನು ಕೊಲ್ಲಬೇಕೋ ಬಿಡಬೇಕೋ ಅನ್ನೋ ಘಟ್ಟ ಬರುತ್ತದೆ. ನನ್ನ ವಾರಿಯರ್ ಪ್ರತಿ ಸಲ ಬಿಡೋಣ ಅನ್ನುತ್ತಾಳೆ. ಅವನ ಹಂಟರ್ ಪ್ರತಿ ಸಲ ಗುಂಡು ಹಾರಿಸೋಣ ಅನ್ನುತ್ತಾನೆ. ಆ ಫ್ಲ್ಯಾಶ್‌ಪಾಯಿಂಟ್‌ನ ಒಂದೊಂದು ಬಾಗಿಲೂ ನನಗೆ ಬಾಯಿಪಾಠ. ಆದರೂ ದಾಳ ಉರುಳುವ ಹೊತ್ತಿಗೆ ಫೋನಿನಲ್ಲಿ ಇಬ್ಬರೂ ಕೂಗಾಡುತ್ತೇವೆ. ಹೋದ ವಾರ ಕ್ಯಾಪ್ಟನ್ ಬದುಕಿದ. ಈ ಭಾನುವಾರ ತಮ್ಮ ಹೊಸದಾಗಿ ಮಾಡಿದ ಸಿತ್ ಇನ್‌ಕ್ವಿಸಿಟರ್ ತರುತ್ತಾನಂತೆ, ಗುಲಾಮಳಾಗಿದ್ದವಳು. ಅವಳು ಯಾರ ಕಡೆ ಅಂತ ಇನ್ನೂ ಹೇಳಿಲ್ಲ.