ಹೈಡ್ರಾಲಿಕ್ ರಾಡಿಗೆ ಅಲಂಕಾರದ ಕ್ರೋಮ್: ಹೊಳಪು ನೋಡಿ ಹಣ ಕೊಡಬೇಡಿ

ಹೈಡ್ರಾಲಿಕ್ ಸಿಲಿಂಡರಿನ ಪಿಸ್ಟನ್ ರಾಡಿಗೆ (ಎಣ್ಣೆಯ ಒತ್ತಡದಿಂದ ಒಳಗೆ ಹೊರಗೆ ಆಡುವ ಉಕ್ಕಿನ ದಂಡಕ್ಕೆ) ಮತ್ತೆ ಕ್ರೋಮ್ ಹಾಕಿಸಲು ಹೊರಟಿರುವವರು, ಅದರಲ್ಲೂ ಅಡಿಕೆ ಹಾಳೆತಟ್ಟೆ ಒತ್ತುವ ಯಂತ್ರ ಇಟ್ಟುಕೊಂಡಿರುವ ನಮ್ಮಂಥ ಸಣ್ಣ ಘಟಕದವರು, ರಾಡನ್ನು ಅಂಗಡಿಗೆ ಕೊಡುವ ಮೊದಲು ಇದನ್ನೊಮ್ಮೆ ಓದಬೇಕೆಂದು ವಿನಂತಿ. ಸವೆತ ತಡೆಯಲು ದಪ್ಪವಾಗಿ ಹಾಕುವ ಹಾರ್ಡ್ ಕ್ರೋಮ್ ಮಾಡಿಕೊಡುತ್ತೇವೆಂದು ಒಪ್ಪಿದ ಪ್ಲೇಟಿಂಗ್ ಅಂಗಡಿಯೊಂದು, ಬೈಕಿನ ಹ್ಯಾಂಡಲಿಗೂ ಬಚ್ಚಲುಮನೆಯ ನಲ್ಲಿಗೂ ಹಾಕುವ ಅಲಂಕಾರದ ಕ್ರೋಮನ್ನು ನಮ್ಮ ರಾಡಿಗೆ ಹಾಕಿ ಕಳುಹಿಸಿತು. ಅಂಗಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಈ ಪದ್ಧತಿ ಆ ಒಂದು ಅಂಗಡಿಗೆ ಸೀಮಿತವಾದದ್ದಲ್ಲವೆಂದು ಆಮೇಲೆ ವಿಚಾರಿಸಿದಾಗ ತಿಳಿಯಿತು.

ನಮ್ಮ ಯಂತ್ರದಲ್ಲಿ ಸಿಲಿಂಡರ್ ಮೇಲಿದೆ, ಬಿಸಿ ಅಚ್ಚು ಕೆಳಗಿದೆ. 50 ಮಿಲಿಮೀಟರ್ ವ್ಯಾಸದ ರಾಡಿನ ಮೇಲೆ ಉದ್ದಕ್ಕೆ ಗೀರು ಬಿದ್ದು, ಎಣ್ಣೆ ಸೋರದಂತೆ ತಡೆಯುವ ಸೀಲ್ ನಿಲ್ಲದಂತಾಗಿತ್ತು. ರಾಡಿನ ಜೊತೆ ಕಳುಹಿಸಿದ ಚಲನ್ನಿನಲ್ಲಿ ನಾವು ಬೇಕಾದದ್ದನ್ನೆಲ್ಲ ಸ್ಪಷ್ಟವಾಗಿ ಬರೆದಿದ್ದೆವು: ಹಳೆಯ ಕ್ರೋಮ್ ತೆಗೆಯಬೇಕು, ಗೀರು ಹೋಗುವವರೆಗೆ ಗ್ರೈಂಡಿಂಗ್ ಮಾಡಬೇಕು, ಹಾರ್ಡ್ ಕ್ರೋಮ್ ಹಾಕಿ ಮತ್ತೆ ಗ್ರೈಂಡಿಂಗ್ ಮಾಡಿ ಅಳತೆಗೆ ತರಬೇಕು, ಕೊನೆಯಲ್ಲಿ ಒಂದು ಮಗ್ಗುಲಿಗೆ 25 ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಕಡಿಮೆ ಕ್ರೋಮ್ ಉಳಿಯಬಾರದು, ವ್ಯಾಸ 49.950ರಿಂದ 49.975 ಮಿಲಿಮೀಟರಿನೊಳಗೆ ಇರಬೇಕು. 50 ಮಿಲಿಮೀಟರ್ ರಾಡಿಗೆ ಎಫ್7 ಎಂದು ನಕ್ಷೆಗಳಲ್ಲಿ ಬರೆಯುವ ಅಳತೆ ಇದೇ.

ಮರಳಿ ಬಂದ ರಾಡಿನಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ನಮ್ಮ ಫಿಟ್ಟರು ಹೊಸ ಸೀಲ್, ರಾಡಿನ ಧೂಳು ಒರೆಸುವ ಹೊಸ ವೈಪರ್ ಹಾಕಿ ಜೋಡಿಸಿದರು. ಮೊದಲು ಎಲ್ಲವೂ ಸರಿಯಾಗಿಯೇ ನಡೆಯಿತು. ಅನಂತರ ರಾಡಿನ ಸುತ್ತ ಎಣ್ಣೆಯ ಉಂಗುರ ಕಾಣಿಸಿಕೊಂಡು, ಆಮೇಲೆ ಅದು ಹನಿಯಾಗಿ ಅಚ್ಚಿನ ಮೇಲೆ ಬೀಳತೊಡಗಿತು. ಹಾಳೆ ಎಣ್ಣೆಯನ್ನು ಕ್ಷಣದಲ್ಲಿ ಹೀರಿಕೊಳ್ಳುತ್ತದೆ. ಊಟಕ್ಕೆ ಬಳಸುವ ತಟ್ಟೆಯ ಮೇಲೆ ಹೈಡ್ರಾಲಿಕ್ ಎಣ್ಣೆಯ ಕಲೆ ಬಿದ್ದ ಮೇಲೆ ಅದನ್ನು ಒಲೆಗೆ ಹಾಕುವುದನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ಸೀಲ್ ಬದಲಿಸಿದೆವು, ಸೋರಿಕೆ ನಿಲ್ಲಲಿಲ್ಲ. ರಾಡನ್ನು ಹೊರತೆಗೆದು ಬೆಳಕಿಗೆ ಹಿಡಿದಾಗ, ಹಳೆಯ ಗೀರು ಇದ್ದ ಜಾಗದಲ್ಲಿ ಲೇಪನ ಸಿಪ್ಪೆಯಂತೆ ಎದ್ದಿತ್ತು. ಎದ್ದ ಅಂಚಿನ ಕೆಳಗೆ ತುಸು ಹಳದಿ ಛಾಯೆಯ ಲೋಹ, ಅದರ ಕೆಳಗೆ ಗೀರಿನ ಗುಂಟ ಕೆಂಪು ಗೆರೆ. ಹಳದಿ ಛಾಯೆಯದು ನಿಕಲ್, ಕೆಂಪು ತಾಮ್ರ. ಹಾರ್ಡ್ ಕ್ರೋಮ್ ಹಾಕಿದ ರಾಡಿನಲ್ಲಿ ಇವೆರಡೂ ಇರಬೇಕಾದದ್ದೇ ಅಲ್ಲ, ಏಕೆಂದರೆ ಅಲ್ಲಿ ಕ್ರೋಮ್ ನೇರವಾಗಿ ಉಕ್ಕಿನ ಮೇಲೆಯೇ ಕೂರುತ್ತದೆ.

ಅಲಂಕಾರದ ಲೇಪನದಲ್ಲಿ ಕಣ್ಣು ಕೋರೈಸುವ ಹೊಳಪನ್ನು ಕೊಡುವುದು ವಾಸ್ತವವಾಗಿ ನಿಕಲ್. ತಾಮ್ರ ತಗ್ಗುಗಳನ್ನು ತುಂಬಿ ಸಮ ಮಾಡುತ್ತದೆ, ಅದರ ಮೇಲೆ ಹತ್ತು ಇಪ್ಪತ್ತು ಮೈಕ್ರಾನಿನಷ್ಟು ನಿಕಲ್ ಬೀಳುತ್ತದೆ, ಎಲ್ಲಕ್ಕಿಂತ ಮೇಲೆ ನಿಕಲ್ ಮಾಸದಂತೆ ಕಾಯಲು ಅರ್ಧ ಮೈಕ್ರಾನನ್ನೂ ಮುಟ್ಟದ ಕ್ರೋಮಿನ ಪೊರೆ. ಹಾರ್ಡ್ ಕ್ರೋಮಿನಲ್ಲಿ ಪೊರೆಯ ಮಾತೇ ಇಲ್ಲ. ಸಾಮಾನ್ಯ ಹೈಡ್ರಾಲಿಕ್ ರಾಡಿನಲ್ಲಿ 20ರಿಂದ 25 ಮೈಕ್ರಾನ್, ಸವೆದ ಭಾಗವನ್ನು ತುಂಬಿ ಅಳತೆಗೆ ತರುವಾಗ ಅದಕ್ಕೂ ಎಷ್ಟೋ ಪಟ್ಟು ದಪ್ಪ. ಅದರ ಗಡಸುತನ ವಿಕರ್ಸ್ ಅಳತೆಯಲ್ಲಿ ಸುಮಾರು 850ರಿಂದ 1000. ತೆಳುವಾದ ಕ್ರೋಮೂ ತನ್ನಷ್ಟಕ್ಕೆ ಗಡಸೇ, ಆದರೆ ಕೆಳಗಿನ ನಿಕಲ್ಲು ತಾಮ್ರಗಳು ಮೆದುವಾದ್ದರಿಂದ ಅದು ಹಾಸಿಗೆಯ ಮೇಲಿಟ್ಟ ಹಪ್ಪಳದಂತೆ, ಒತ್ತಡ ಬಿದ್ದಲ್ಲಿ ಒಡೆಯುತ್ತದೆ. ಸೀಲ್ ದಿನವಿಡೀ ಉಜ್ಜುವ ಮೇಲ್ಮೈಗೆ ಇಂಥ ಲೇಪನ ಹೇಳಿಸಿದ್ದಲ್ಲ.

ಅಂಗಡಿಯ ಮಾಲೀಕರು ಫೋನಿನಲ್ಲಿ ಹೇಳಿದ್ದು ಇಷ್ಟು: "ಸಾರ್, ಕ್ರೋಮ್ ಅಂದ್ರೆ ಕ್ರೋಮೇ. ಅದೇ ತೊಟ್ಟಿ, ಅದೇ ಆಮ್ಲ." ಈ ಮಾತಿನಲ್ಲಿ ಅರ್ಧ ಸತ್ಯವಿರುವುದರಿಂದಲೇ ಎಷ್ಟೋ ಜನ ಇದಕ್ಕೆ ತಲೆಯಾಡಿಸುತ್ತಾರೆ. ಎರಡೂ ಬಗೆಯ ಕ್ರೋಮಿಗೆ ರೂಢಿಯಲ್ಲಿರುವ ದ್ರಾವಣ ಹೆಚ್ಚು ಕಡಿಮೆ ಒಂದೇ: ಲೀಟರಿಗೆ ಸುಮಾರು 250 ಗ್ರಾಂ ಕ್ರೋಮಿಕ್ ಆಮ್ಲ, ಅದರ ನೂರರಲ್ಲೊಂದು ಪಾಲು ಗಂಧಕಾಮ್ಲ. ವ್ಯತ್ಯಾಸವಿರುವುದು ವಿದ್ಯುತ್ತಿನಲ್ಲಿ, ಉಷ್ಣತೆಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಸಮಯದಲ್ಲಿ. ಈ ದ್ರಾವಣದಲ್ಲಿ ಹರಿಸಿದ ವಿದ್ಯುತ್ತಿನ ಐದರಲ್ಲೊಂದು ಪಾಲು ಕೂಡ ಕ್ರೋಮಾಗಿ ಕೂರುವುದು ಕಷ್ಟ, ಉಳಿದದ್ದು ಬಹುಪಾಲು ಜಲಜನಕದ ಗುಳ್ಳೆಯಾಗಿ ಹೋಗುತ್ತದೆ. ಅಲಂಕಾರದ ಪೊರೆಗೆ ಕೆಲವು ನಿಮಿಷ ಸಾಕು. 25 ಮೈಕ್ರಾನ್ ಕೂರಿಸಲು, ಎಲ್ಲವೂ ಸರಿಯಿದ್ದರೂ, ಒಂದು ಗಂಟೆಯ ಆಸುಪಾಸು ಬೇಕು, ಗ್ರೈಂಡಿಂಗಿಗೆಂದು ಬಿಡುವ ಹೆಚ್ಚುವರಿ ದಪ್ಪ ಸೇರಿದರೆ ಹಲವು ಗಂಟೆಗಳೇ ಬೇಕು. ತೊಟ್ಟಿ ಒಂದೇ ಇರಬಹುದು, ಅದರೊಳಗೆ ರಾಡ್ ಎಷ್ಟು ಹೊತ್ತು ಇತ್ತು ಎಂಬುದೇ ಇಲ್ಲಿನ ಪ್ರಶ್ನೆ.

ಅಳತೆ ಹಿಡಿದಾಗ ಉಳಿದ ಕಥೆ ಹೊರಬಿತ್ತು. ಮೈಕ್ರೋಮೀಟರಿನಲ್ಲಿ ರಾಡಿನ ನಡುಭಾಗಕ್ಕೂ ತುದಿಗೂ ವ್ಯಾಸ ಹೊಂದುತ್ತಿರಲಿಲ್ಲ, ಒಂದೇ ಜಾಗದಲ್ಲಿ ತಿರುಗಿಸಿ ಹಿಡಿದರೂ ಬೇರೆ ಬೇರೆ ಓದು ಬರುತ್ತಿತ್ತು. ಅಂದರೆ ಗ್ರೈಂಡಿಂಗ್ ನಡೆದೇ ಇರಲಿಲ್ಲ. ಗೀರಿಗೆ ತಾಮ್ರ ತುಂಬಿ, ಬಫಿಂಗ್ ಚಕ್ರಕ್ಕೆ ಹಿಡಿದು, ಮೇಲೆ ನಿಕಲ್ ಕ್ರೋಮ್ ಬಳಿದಿದ್ದರು. ಬಫಿಂಗ್ ಹೊಳಪು ಕೊಡುತ್ತದೆಯೇ ಹೊರತು ದುಂಡಗೆ ಮಾಡುವುದಿಲ್ಲ. ಇಲ್ಲೊಂದು ಸೂಕ್ಷ್ಮವನ್ನೂ ಹೇಳಬೇಕು. ಲೇಪನದ ದಪ್ಪ ನೋಡಲು ಹಲವರು ಬಳಸುವ ಅಯಸ್ಕಾಂತೀಯ ಮಾಪಕವು ಉಕ್ಕಿನ ಮೇಲೆ ಕ್ರೋಮ್ ಮಾತ್ರ ಇದ್ದಾಗ ನಂಬಲರ್ಹ. ನಡುವೆ ನಿಕಲ್ ಬಂದರೆ, ನಿಕಲ್ಲೂ ಅಯಸ್ಕಾಂತಕ್ಕೆ ಸ್ಪಂದಿಸುವುದರಿಂದ, ಅದು ತೋರಿಸುವ ಅಂಕಿಗೆ ಅರ್ಥವಿರುವುದಿಲ್ಲ. ಮಾಪಕದ ಅಂಕಿಯೊಂದನ್ನೇ ಪುರಾವೆಯಾಗಿ ಒಪ್ಪಬೇಡಿ.

ಹಣ ಮರಳಲಿಲ್ಲ. ನಮ್ಮ ಚಲನ್ನಿನಲ್ಲಿ ಹಾರ್ಡ್ ಕ್ರೋಮ್ ಎಂದಿತ್ತು, ಅವರ ಬಿಲ್ಲಿನಲ್ಲಿ "ಕ್ರೋಮ್ ಪ್ಲೇಟಿಂಗ್, ಒಂದು ನಗ" ಎಂದಷ್ಟೇ ಇತ್ತು, ಅವರು ಬಿಲ್ಲಿಗೆ ಅಂಟಿಕೊಂಡರು. ಆದ್ದರಿಂದ ಲೇಪನದ ಬಗೆ, ದಪ್ಪ, ಗ್ರೈಂಡಿಂಗ್ ನಂತರದ ಅಳತೆ ಈ ಮೂರೂ ಅವರು ಕೊಡುವ ಬಿಲ್ಲಿನಲ್ಲಿಯೂ ಬರುವಂತೆ ಮೊದಲೇ ಒಪ್ಪಿಸಿಕೊಳ್ಳಿ.

ರಾಡನ್ನು ಕೊನೆಗೆ ಬೆಂಗಳೂರಿನ ಪೀಣ್ಯದ ಬೇರೊಂದು ಅಂಗಡಿಗೆ ಒಯ್ದೆವು. ಅಲ್ಲಿಯವರು ಬೆಲೆ ಹೇಳುವ ಮುಂಚೆ ವ್ಯಾಸ, ಲೇಪನವಾಗಬೇಕಾದ ಉದ್ದ, ಈಗಿರುವ ಅಳತೆ, ಬೇಕಾದ ಅಳತೆ, ಮೈಕ್ರಾನ್ ಎಲ್ಲವನ್ನೂ ಕೇಳಿದರು. ಮೊದಲ ಅಂಗಡಿಯವರು ರಾಡನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ ಒಂದು ಮೊತ್ತ ಹೇಳಿದ್ದರು. ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆಯಿಲ್ಲ: ಹಾರ್ಡ್ ಕ್ರೋಮ್ ಮಾಡುವವರು ವಿಸ್ತೀರ್ಣ ಮತ್ತು ದಪ್ಪದ ಮೇಲೆ ಲೆಕ್ಕ ಹಾಕುತ್ತಾರೆ, ನಗಕ್ಕಿಷ್ಟು ಎನ್ನುವವರು ಸಾಮಾನ್ಯವಾಗಿ ಹ್ಯಾಂಡಲ್ಲು ಬಂಪರುಗಳ ಕಸುಬಿನವರು. ಆದರೆ ಕೆಲಸ ಮೊದಲಿಗಿಂತ ದುಬಾರಿಯಾಯಿತು. ಕ್ರೋಮನ್ನು ಬೇಗ ಕರಗಿಸುವ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ನಿಕಲ್ ಅಷ್ಟು ಸುಲಭವಾಗಿ ಜಗ್ಗುವುದಿಲ್ಲ. ಅದನ್ನೂ ತಾಮ್ರವನ್ನೂ ಬೇರೆಯಾಗಿ ತೆಗೆದು, ಮತ್ತೆ ತೆರೆದುಕೊಂಡ ಗೀರು ಹೋಗುವವರೆಗೆ ಉಕ್ಕನ್ನು ಗ್ರೈಂಡ್ ಮಾಡಿ, ಆಮೇಲೆ ದಪ್ಪವಾಗಿ ಕ್ರೋಮ್ ಕೂರಿಸಿ, ಮತ್ತೊಮ್ಮೆ ಗ್ರೈಂಡಿಂಗಿಗೆ ಹಾಕಬೇಕಾಯಿತು. ಹೀಗೆ ಬಂದ ರಾಡ್ ಮೊದಲಿನಷ್ಟು ಮಿನುಗುವುದಿಲ್ಲ, ತುಸು ಮಸುಕಾಗಿದೆ, ಆದರೆ ಎಲ್ಲಿ ಹಿಡಿದರೂ ಅಳತೆ ಒಂದೇ.

ಇದನ್ನು ಓದಿ ಎಲ್ಲಕ್ಕೂ ಹಾರ್ಡ್ ಕ್ರೋಮ್ ಮಾಡಿಸಲು ಹೋಗುವುದೂ ಬೇಡ. ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳ ಜಾಲವಿರುತ್ತದೆ; ಎಣ್ಣೆಯಲ್ಲಿ ಆಡುವ ರಾಡಿಗೆ ಅದರಿಂದ ತೊಂದರೆಯಿಲ್ಲ, ಆದರೆ ಮಲೆನಾಡಿನ ಮಳೆಗಾಲದಲ್ಲಿ ಹೊರಗೆ ಚಾಚಿ ನಿಲ್ಲಿಸಿದ ರಾಡಿಗೆ ಆ ಬಿರುಕುಗಳ ಮೂಲಕವೇ ತುಕ್ಕು ಹಿಡಿಯುತ್ತದೆ. ಅಂಥ ರಾಡಿಗೆ ಗ್ರೀಸ್ ಬಳಿದು ಒಳಗೆಳೆದು ನಿಲ್ಲಿಸಬೇಕು. ಮಳೆ ಬಿಸಿಲಿಗೆ ನಿಲ್ಲುವ, ಉಜ್ಜಾಟವಿಲ್ಲದ ಬಿಡಿಭಾಗಕ್ಕೆ ದಪ್ಪ ನಿಕಲ್ಲಿರುವ ಅಲಂಕಾರದ ಕ್ರೋಮೇ ಮೇಲು. ಸ್ಪ್ರಿಂಗು, ಗಡಸುಗೊಳಿಸಿದ ಬೋಲ್ಟುಗಳಂಥವಕ್ಕೆ ಯಾವ ಬಗೆಯ ಲೇಪನ ಮಾಡಿಸಿದರೂ, ಉಕ್ಕಿನೊಳಗೆ ಸೇರಿದ ಜಲಜನಕ ಹೊರಹೋಗುವಂತೆ ಕೆಲವೇ ಗಂಟೆಗಳೊಳಗೆ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬೇಯಿಸಲೇಬೇಕು, ಇಲ್ಲವಾದರೆ ಭಾರ ಬಿದ್ದಾಗ ಯಾವ ಸೂಚನೆಯೂ ಇಲ್ಲದೆ ತುಂಡಾಗುವ ಅಪಾಯವಿದೆ.

ಈಚೆಗೆ ಕೆಲವರು ತಮ್ಮದು ಪರಿಸರಸ್ನೇಹಿ ಟ್ರೈವೇಲೆಂಟ್ ಕ್ರೋಮ್ (ಕಡಿಮೆ ವಿಷಕಾರಿಯಾದ ಇನ್ನೊಂದು ರೂಪದ ಕ್ರೋಮಿಯಂ ಬಳಸುವ ಲೇಪನ) ಎನ್ನುತ್ತಾರೆ. ಅದು ಒಳ್ಳೆಯದೇ, ಆದರೆ ಅದರ ಮುಖ್ಯ ಬಳಕೆ ಅಲಂಕಾರದ ತೆಳು ಲೇಪನದಲ್ಲಿ. ರಾಡಿಗೆ ಅದನ್ನು ಹೇಳಿದರೆ ದಪ್ಪವೆಷ್ಟು ಎಂದು ಮರುಪ್ರಶ್ನೆ ಹಾಕಿ. ಹಾರ್ಡ್ ಕ್ರೋಮಿನಲ್ಲಿ ಬಹುಮಟ್ಟಿಗೆ ಇಂದಿಗೂ ಬಳಕೆಯಾಗುವುದು ಕ್ಯಾನ್ಸರ್‌ಕಾರಕವಾದ ಹೆಕ್ಸಾವೇಲೆಂಟ್ ಕ್ರೋಮಿಯಂ. ಪೀಣ್ಯದ ಅಂತರ್ಜಲದಲ್ಲಿ ಅದು ಸೇರಿರುವುದು ದಾಖಲಾಗಿರುವ ಸಂಗತಿ, ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಆದ್ದರಿಂದ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇದೆಯೇ ಎಂದು ಕೇಳಲು ಸಂಕೋಚ ಪಡಬೇಕಿಲ್ಲ.

ಈಗಾಗಲೇ ಇಂಥ ರಾಡನ್ನು ಜೋಡಿಸಿ, ಲೇಪನ ಏಳುತ್ತಿರುವುದನ್ನು ಕಂಡವರು ಯಂತ್ರವನ್ನು ಕೂಡಲೇ ನಿಲ್ಲಿಸಬೇಕು. ಎದ್ದ ಚೂರುಗಳು ಸೀಲನ್ನು ಹರಿದು ಎಣ್ಣೆಯೊಂದಿಗೆ ಟ್ಯಾಂಕಿಗೂ ಅಲ್ಲಿಂದ ಪಂಪಿಗೂ ಹೋಗುತ್ತವೆ. ನಾವು ಎಣ್ಣೆಯನ್ನು ಪೂರ್ತಿ ಬಸಿದು, ಟ್ಯಾಂಕಿನ ತಳವನ್ನು ಬಟ್ಟೆಯಿಂದ ಒರೆಸಿ, ಫಿಲ್ಟರ್ ಬದಲಿಸಿ, ಸಿಲಿಂಡರಿನ ಒಳಗೋಡೆಯಲ್ಲಿ ಗೀರಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಮತ್ತೆ ಕ್ರೋಮ್ ಹಾಕಿಸಿದ ರಾಡನ್ನು ಜೋಡಿಸಿದೆವು. ಬಸಿದ ಎಣ್ಣೆಯಲ್ಲಿ ಮಿನುಗುವ ಪುಡಿ ಕಂಡರೆ ಪಂಪನ್ನೂ ಬಿಚ್ಚಿಸಿ ನೋಡಿ.